ಕುಳಿತುಕೊಳ್ಳುವ ಹಕ್ಕು

ನಮ್ಮ ಪೇಟೆಗಳ ಹಳೆಯ ಜವಳಿ ಅಂಗಡಿಗಳಲ್ಲಿ ವ್ಯಾಪಾರವು ಕುಳಿತೇ ನಡೆಯುತ್ತಿತ್ತು. ಬಿಳಿಯ ಹಾಸು ಹೊದಿಸಿದ ಗಾದಿಯ ಮೇಲೆ ಮಾರುವವನೂ ಕುಳಿತಿರುತ್ತಿದ್ದನು. ಕೊಳ್ಳುವವರೂ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ಅವನ ಎದುರಿಗೆ ಕುಳಿತುಕೊಳ್ಳುತ್ತಿದ್ದರು. ಸೀರೆಯ ಮಡಿಕೆಗಳನ್ನು ಬಿಚ್ಚಿ ಹರಡಲು ಯಾರೂ ಎದ್ದು ನಿಲ್ಲಬೇಕಾಗಿರಲಿಲ್ಲ. ಗಾದಿಯ ಬದಲು ಉದ್ದನೆಯ ಮೇಜು, ಮೇಜಿನ ಹಿಂದೆ ಕಪಾಟುಗಳ ಸಾಲು ಬಂದ ಮೇಲೆ ಈ ಪದ್ಧತಿ ಬದಲಾಯಿತು. ಈಗ ಗಿರಾಕಿಗೆ ಕುರ್ಚಿಯುಂಟು; ಮಾರುವವರು ನಿಂತಿರುತ್ತಾರೆ. ಗಿರಾಕಿಯು ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾನೆ. ಮಾರುವವರಿಗೆ ಬೆಳಗಿನಿಂದ ರಾತ್ರಿಯವರೆಗೂ ಅದೇ ನಿಲುವು. ಅಂಗಡಿಯಲ್ಲಿ ಗಿರಾಕಿಗಳೇ ಇಲ್ಲದ ಹೊತ್ತಿನಲ್ಲಾದರೂ ಅವರು ಕುಳಿತುಕೊಳ್ಳಬಹುದೆ? ಇಷ್ಟು ಸಣ್ಣ ಪ್ರಶ್ನೆಗೆ ಕಾನೂನು ಉತ್ತರ ಹೇಳಬೇಕಾಗಿ ಬಂದಿತೆಂಬುದು ಆಶ್ಚರ್ಯವಾಗಿ ತೋರಬಹುದು. ಆದರೂ ಆ ಉತ್ತರವು ಸುಲಭವಾಗಿ ಬರಲಿಲ್ಲ.

ಈ ಪ್ರಶ್ನೆ ಮೊದಲು ಬಲವಾಗಿ ಎದ್ದ ನಾಡುಗಳಲ್ಲಿ ಇಂಗ್ಲೆಂಡ್ ಒಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಕಾರ್ಖಾನೆಗಳ ದುಡಿಮೆಯ ಅವಧಿಗೆ ಮಿತಿ ಹಾಕುವ ಕಾಯಿದೆಗಳು ಒಂದರ ಹಿಂದೆ ಒಂದು ಬಂದವು. ಆದರೆ ಅಂಗಡಿಗಳತ್ತ ಬಹುಕಾಲ ಯಾರ ದೃಷ್ಟಿಯೂ ಹರಿಯಲಿಲ್ಲ. ಕಾರ್ಖಾನೆಯಲ್ಲಿ ಹೊಗೆಯಿತ್ತು, ಗಾಲಿಗಳಿದ್ದವು, ಕೈ ಸಿಕ್ಕಿಕೊಂಡರೆ ಅಪಘಾತವಾಗುತ್ತಿತ್ತು. ಅಂಗಡಿಯೋ ದೀಪಗಳಿಂದ ಬೆಳಗುವ ಅಚ್ಚುಕಟ್ಟಾದ ತಾಣ. ಅಲ್ಲಿ ದುಡಿಯುವವರು ಶುಭ್ರವಾದ ಉಡುಪಿನಲ್ಲಿ ನಗುಮುಖದಿಂದ ನಿಂತಿರುತ್ತಿದ್ದರು. ಅಂಥ ಕಡೆ ಕಷ್ಟವಿರಬಹುದೆಂದು ಊಹಿಸುವವರು ಕಡಮೆ. ವಾಸ್ತವದಲ್ಲಿ ಅಂಗಡಿಯ ಹುಡುಗ ಹುಡುಗಿಯರು ಬೆಳಗಿನಿಂದ ರಾತ್ರಿಯವರೆಗೆ ನಿಂತೇ ದುಡಿಯುತ್ತಿದ್ದರು. ಅವರಲ್ಲಿ ಅನೇಕರು ಮಾಲೀಕನೇ ಒದಗಿಸಿದ ಕೊಠಡಿಗಳಲ್ಲಿ ಮಲಗಿ, ಅವನು ಹಾಕಿದ್ದನ್ನು ಉಣ್ಣಬೇಕಾಗಿತ್ತು. ಸಣ್ಣಪುಟ್ಟ ತಪ್ಪುಗಳಿಗೆ ಸಂಬಳದಿಂದ ದಂಡ ಮುರಿದುಕೊಳ್ಳುವುದೂ ವಾಡಿಕೆಯಾಗಿತ್ತು.

ಇವರ ಪರವಾಗಿ ಪಾರ್ಲಿಮೆಂಟಿನಲ್ಲಿ ದೀರ್ಘಕಾಲ ಶ್ರಮಿಸಿದವನು ಸರ್ ಜಾನ್ ಲಬಕ್. ಅವನು ವೃತ್ತಿಯಿಂದ ಬ್ಯಾಂಕಿನ ಒಡೆಯ, ಆಸಕ್ತಿಯಿಂದ ವಿಜ್ಞಾನಿ. ಇರುವೆ, ಜೇನುಹುಳುಗಳ ಬಾಳನ್ನು ವರ್ಷಗಟ್ಟಲೆ ತಾಳ್ಮೆಯಿಂದ ಪರಿಶೀಲಿಸಿ ಗ್ರಂಥ ಬರೆದಿದ್ದ ಈತನು ಕೌಂಟರಿನ ಹಿಂದಿನ ಮನುಷ್ಯರನ್ನೂ ಅಷ್ಟೇ ಗಮನವಿಟ್ಟು ನೋಡಿದನೆನ್ನಬೇಕು. 1871ರಲ್ಲಿ ಬ್ಯಾಂಕುಗಳಿಗೆ ಸಾರ್ವಜನಿಕ ರಜೆಗಳನ್ನು ಗೊತ್ತುಪಡಿಸುವ ಕಾಯಿದೆಯನ್ನು ಮಾಡಿಸಿದವನೂ ಅವನೇ. ಅವನ ಪ್ರಯತ್ನದಿಂದ 1886ರಲ್ಲಿ ಅಂಗಡಿಗಳ ಕೆಲಸದ ಅವಧಿಯನ್ನು ಕುರಿತ ಕಾಯಿದೆ ಜಾರಿಗೆ ಬಂದಿತು. ಹದಿನೆಂಟು ವರ್ಷ ತುಂಬದವರನ್ನು ಊಟದ ಹೊತ್ತೂ ಸೇರಿ ವಾರಕ್ಕೆ 74 ಗಂಟೆಗಳಿಗಿಂತ ಹೆಚ್ಚು ಕಾಲ ದುಡಿಸಕೂಡದೆಂಬುದು ಅದರ ಸಾರ. ವಾರದಲ್ಲಿ ಆರು ದಿನ ಕೆಲಸವೆಂದು ಲೆಕ್ಕ ಹಾಕಿದರೆ ದಿನಕ್ಕೆ ಹನ್ನೆರಡು ಗಂಟೆಯ ಮೇಲಾಯಿತು. ಅಷ್ಟು ದುಡಿಮೆಯೇ ರಿಯಾಯಿತಿ ಎನಿಸಿಕೊಂಡಿತೆಂದರೆ ಅದಕ್ಕೆ ಮೊದಲಿನ ಸ್ಥಿತಿ ಹೇಗಿದ್ದಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕರುಣೆಯುಳ್ಳ ಮಾಲೀಕರೂ ಇದ್ದರಲ್ಲವೆ? ಅವರೇ ಸ್ವಂತ ಇಚ್ಛೆಯಿಂದ ಅಂಗಡಿಯನ್ನು ಬೇಗ ಮುಚ್ಚಬಹುದಾಗಿರಲಿಲ್ಲವೆ? ಮುಚ್ಚಲು ಮನಸ್ಸಿದ್ದವರು ಬಹಳ ಮಂದಿ ಇದ್ದರು. ಸಣ್ಣ ಅಂಗಡಿಯ ಒಡೆಯನೂ ತನ್ನ ಆಳಿನೊಡನೆ ರಾತ್ರಿಯವರೆಗೆ ನಿಂತಿರಬೇಕಾದವನೇ. ಅವನ ಕಾಲುಗಳೂ ನೋಯುತ್ತಿದ್ದವು. ಆದರೆ ಒಂದೇ ಬೀದಿಯಲ್ಲಿ ಹತ್ತು ಅಂಗಡಿಗಳಿವೆಯೆನ್ನಿ. ಒಂಬತ್ತು ಮಂದಿ ಎಂಟು ಗಂಟೆಗೆ ಬಾಗಿಲು ಹಾಕಲು ಸಿದ್ಧರು. ಹತ್ತನೆಯವನು ಒಪ್ಪುವುದಿಲ್ಲ, ಹತ್ತು ಗಂಟೆಯವರೆಗೆ ದೀಪ ಉರಿಸಿಕೊಂಡು ಕುಳಿತಿರುತ್ತಾನೆ. ತಡವಾಗಿ ಬರುವ ಗಿರಾಕಿಗಳೆಲ್ಲ ಅವನ ಪಾಲಾಗುತ್ತಾರೆ. ವಾರ ಕಳೆಯುವುದರೊಳಗೆ ಅವನ ನೆರೆಯವನು ಬಾಗಿಲು ತೆರೆಯುತ್ತಾನೆ, ಮರುವಾರ ಮತ್ತೊಬ್ಬನು. ಕೊನೆಗೆ ಹತ್ತು ಅಂಗಡಿಗಳೂ ಹತ್ತು ಗಂಟೆಯವರೆಗೆ ತೆರೆದಿರುತ್ತವೆ. ಹಾಗೆಂದು ಯಾರಿಗೂ ಲಾಭ ಹೆಚ್ಚುವುದಿಲ್ಲ. ಊರಿನವರು ಕೊಳ್ಳುವ ಬಟ್ಟೆ ಮೊದಲಿನಷ್ಟೇ. ಒಳ್ಳೆಯವನಾಗಿರಲು ಬಯಸುವ ಮಾಲೀಕನು ಒಳ್ಳೆಯವನಾಗಿರುವಂತೆ ಮಾಡಬೇಕಾದರೆ ಹತ್ತನೆಯವನನ್ನೂ ಕಟ್ಟುವ ನಿಯಮವೊಂದು ಬೇಕಾಗುತ್ತದೆ. ಅಂಗಡಿಗಳ ಕಾನೂನನ್ನು ಮಾಲೀಕರ ಮೇಲೆ ಹೇರಿದ ಹೊರೆಯೆಂದು ಮಾತ್ರ ತಿಳಿಯುವವರು ಈ ಅಂಶವನ್ನು ಮರೆಯುತ್ತಾರೆ. 1904ರಲ್ಲಿ ಬಂದ ಕಾಯಿದೆಯಂತೂ ಇದನ್ನೇ ತಳಹದಿಯಾಗಿ ಇರಿಸಿಕೊಂಡಿತ್ತು. ಒಂದು ಊರಿನ ಅಂಗಡಿಕಾರರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಸಮ್ಮತಿಸಿದರೆ ಬಾಗಿಲು ಮುಚ್ಚುವ ಹೊತ್ತನ್ನು ಎಲ್ಲರಿಗೂ ಗೊತ್ತುಮಾಡುವ ಅಧಿಕಾರ ಸ್ಥಳೀಯ ಆಡಳಿತಕ್ಕೆ ದೊರೆಯಿತು.

ಕಾಯಿದೆ ಬರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 1886ರ ಕಾಯಿದೆಯು ಪಾಲನೆಯಾಗುತ್ತಿದೆಯೆ ಎಂಬುದನ್ನು ನೋಡಲು ತನಿಖಾಧಿಕಾರಿಗಳೇ ಇರಲಿಲ್ಲ. ಅವರನ್ನು ನೇಮಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ ಬಂದದ್ದು 1892ರಲ್ಲಿ. ಆಸನಗಳ ವಿಷಯ ಮುನ್ನೆಲೆಗೆ ಬಂದದ್ದು ಆಮೇಲೆ. 1899ರಲ್ಲಿ ಇದಕ್ಕಾಗಿಯೇ ಒಂದು ಪುಟ್ಟ ಕಾಯಿದೆಯಾಯಿತು. ಅಂಗಡಿಯಲ್ಲಿ ಮೂವರು ಮಹಿಳಾ ನೌಕರರಿಗೆ ಒಂದರಂತೆ ಆಸನವನ್ನು ಮಾಲೀಕನು ಒದಗಿಸತಕ್ಕದ್ದು ಎಂದು ಅದು ವಿಧಿಸಿತು. ಮೂವರಿಗೆ ಒಂದು! ಒಬ್ಬಳು ಕುಳಿತರೆ ಇನ್ನಿಬ್ಬರು ನಿಂತಿರಬೇಕು. ಗಂಡಸರ ಮಾತನ್ನು ಅದು ಎತ್ತಲೇ ಇಲ್ಲ.

ಆ ಕಾಲದ ಅಂಗಡಿಗಳ ಒಳಗುಟ್ಟನ್ನು ಚೆನ್ನಾಗಿ ಬಲ್ಲವಳು ಮಾರ್ಗರೆಟ್ ಬಾಂಡ್‌ಫೀಲ್ಡ್. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಜವಳಿ ಅಂಗಡಿಯನ್ನು ಸೇರಿದ್ದ ಈಕೆ, ಮುಂದೆ ನೌಕರರ ಸಂಘದಲ್ಲಿ ತೊಡಗಿದಳು. ಒಂದು ಸಂಸ್ಥೆಯ ಪರವಾಗಿ ಬೇರೆ ಬೇರೆ ಅಂಗಡಿಗಳಲ್ಲಿ ಸ್ವಲ್ಪ ಸ್ವಲ್ಪ ಕಾಲ ಕೆಲಸಕ್ಕೆ ನಿಂತು, ಅಲ್ಲಿಯ ಊಟ, ವಸತಿ, ದಂಡಗಳ ಸಂಗತಿಯನ್ನು ಸಂಗ್ರಹಿಸಿ, ತನ್ನ ಹೆಸರನ್ನು ಮರೆಸಿ ಲೇಖನಗಳನ್ನೂ ಬರೆದಳು. 1929ರಲ್ಲಿ ಇದೇ ಬಾಂಡ್‌ಫೀಲ್ಡ್ ಬ್ರಿಟಿಷ್ ಮಂತ್ರಿಮಂಡಲದ ಮೊತ್ತಮೊದಲ ಮಹಿಳಾ ಸದಸ್ಯೆಯಾದಳು. ಆಕೆಗೆ ದೊರೆತದ್ದು ಕಾರ್ಮಿಕ ಖಾತೆ.

ನಮ್ಮ ದೇಶಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಸಂಸತ್ತಿನ ಸ್ಥಾನದಲ್ಲಿದ್ದ ಶಾಸನಸಭೆಯು ಫ್ಯಾಕ್ಟರಿ ಕಾಯಿದೆಯನ್ನು ಅಂಗೀಕರಿಸಿತು. ನಿಂತೇ ದುಡಿಯಬೇಕಾದ ಕಾರ್ಮಿಕರಿಗೆ, ಬಿಡುವು ದೊರೆತಾಗ ಕುಳಿತುಕೊಳ್ಳಲು ತಕ್ಕ ಏರ್ಪಾಡಿರಬೇಕೆಂದು ಅದರ 44ನೆಯ ಪ್ರಕರಣವು ಸ್ಪಷ್ಟವಾಗಿ ವಿಧಿಸಿತು. ಅಂಗಡಿಗಳ ಮಾತು ಬೇರೆಯಾಯಿತು. ಅವನ್ನು ಆಯಾ ರಾಜ್ಯಗಳ ಕಾಯಿದೆಗಳಿಗೆ ಬಿಡಲಾಯಿತು. ಅಂದಿನ ಮೈಸೂರು ರಾಜ್ಯದಲ್ಲಿ 1961ರಲ್ಲಿ ರಚಿತವಾದ ಅಂಗಡಿಗಳ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿಯನ್ನು ಹಾಕಿತು. ಐದು ಗಂಟೆಗಳ ದುಡಿಮೆಯೊಳಗೆ ಒಂದು ಗಂಟೆಯ ವಿರಾಮ, ವಾರಕ್ಕೊಂದು ರಜೆ ಇರಬೇಕೆಂದಿತು. ಕೇರಳವು 1960ರಲ್ಲಿಯೇ ಇಂಥದೊಂದು ಕಾಯಿದೆಯನ್ನು ಮಾಡಿಕೊಂಡಿತ್ತು. ಹೀಗೆ ವಿಶ್ರಾಂತಿಯು ಗಂಟೆಗಳ ಲೆಕ್ಕದಲ್ಲಿ ಬಂದಿತು. ಆ ಲೆಕ್ಕದ ನಡುವಣ ದುಡಿಮೆಯ ಗಂಟೆಗಳಲ್ಲಿ ಕಾಲುಗಳ ಗತಿಯೇನು ಎಂಬುದು ಕೇರಳದ ಕಾಯಿದೆಯಲ್ಲಿ ಐವತ್ತೆಂಟು ವರ್ಷಗಳವರೆಗೆ ಕಾಣಿಸಲಿಲ್ಲ.

ಅದನ್ನು ಕಾಣಿಸಿದವರು ಕೋಳಿಕೋಡಿನ ಜವಳಿ ಬೀದಿಯ ಹೆಂಗಸರು. ಅಲ್ಲಿಯ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ನೂರಾರು ಮಂದಿ ಮಹಿಳೆಯರು ದುಡಿಯುತ್ತಿದ್ದರು. ಅವರ ಮೊದಲ ಅಹವಾಲು ಆಸನದ್ದಲ್ಲ, ಶೌಚಾಲಯದ್ದು. ಅನೇಕ ಕಟ್ಟಡಗಳಲ್ಲಿ ಮಹಿಳೆಯರಿಗೆ ಶೌಚಾಲಯವೇ ಇರಲಿಲ್ಲ. ಆ ಕಾರಣ ಅವರು ಹಗಲೆಲ್ಲ ನೀರು ಕುಡಿಯುವುದನ್ನೇ ಬಿಟ್ಟು ರೋಗಕ್ಕೆ ತುತ್ತಾಗುತ್ತಿದ್ದರು. ಪಿ. ವಿಜಿ ಎಂಬ ದರ್ಜಿ ಮಹಿಳೆಯು ಇವರನ್ನು ಒಟ್ಟುಗೂಡಿಸಿ ‘ಪೆಣ್‌ಕೂಟ್ಟು’ ಎಂಬ ಸಂಘಟನೆಯನ್ನು ಕಟ್ಟಿದಳು. ಹೆಣ್ಣುಮಕ್ಕಳ ಕೂಟ ಎಂಬುದು ಆ ಮಲಯಾಳ ಹೆಸರಿನ ಅರ್ಥ. ಶೌಚಾಲಯದ ಬೇಡಿಕೆಯ ಹಿಂದೆಯೇ ಕುಳಿತುಕೊಳ್ಳುವ ಬೇಡಿಕೆ ಬಂದಿತು. ಗಿರಾಕಿಯಿಲ್ಲದಾಗ ಗೋಡೆಗೆ ಒರಗಿದರೂ ಗದರಿಕೆ, ಕುಳಿತದ್ದು ಕ್ಯಾಮೆರಾದಲ್ಲಿ ಕಂಡರೆ ಸಂಬಳದಲ್ಲಿ ಕಡಿತ ಎಂದು ಆ ಮಹಿಳೆಯರು ದೂರಿದರು. ದೀರ್ಘಕಾಲ ನಿಲ್ಲುವುದರಿಂದ ಕಾಲಿನ ರಕ್ತನಾಳಗಳು ಉಬ್ಬುವುದು, ಪಾದ ಊದಿಕೊಳ್ಳುವುದು, ಬೆನ್ನುನೋವು ಇವು ಅವರ ನಿತ್ಯದ ಸಂಗಾತಿಗಳಾಗಿದ್ದವು. 2014ರ ಕೊನೆಯಲ್ಲಿ ತ್ರಿಶೂರಿನ ಒಂದು ದೊಡ್ಡ ಜವಳಿ ಮಳಿಗೆಯ ಕೆಲವು ಮಹಿಳೆಯರು ಮುಷ್ಕರ ಹೂಡಿದರು. ಅದು ನೂರು ದಿನಗಳನ್ನೂ ಮೀರಿ ನಡೆಯಿತು. ಅಂಗಡಿಯ ಒಳಗೆ ಕುಳಿತುಕೊಳ್ಳುವುದಕ್ಕಾಗಿ ಅಂಗಡಿಯ ಹೊರಗೆ ಕುಳಿತ ಮುಷ್ಕರವದು.

2018ರ ಅಕ್ಟೋಬರಿನಲ್ಲಿ ಕೇರಳ ಸರ್ಕಾರವು ತನ್ನ ಕಾಯಿದೆಗೆ ಅಧ್ಯಾದೇಶದ ಮೂಲಕ ತಿದ್ದುಪಡಿ ತಂದಿತು. ಕೆಲಸದ ನಡುವೆ ಅವಕಾಶ ದೊರೆತಾಗ ಕುಳಿತುಕೊಳ್ಳಲು ಎಲ್ಲ ನೌಕರರಿಗೂ ಆಸನದ ಏರ್ಪಾಡಿರತಕ್ಕದ್ದು ಎಂದು ಬರೆದು, ನಿಯಮ ಮೀರಿದವರಿಗೆ ದಂಡವನ್ನೂ ಹೆಚ್ಚಿಸಿತು. ಅದೇ ವರ್ಷ ಬಿ.ಬಿ.ಸಿ. ಸಂಸ್ಥೆಯು ಪ್ರಕಟಿಸಿದ ಜಗತ್ತಿನ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿಯ ಹೆಸರಿತ್ತು. 2021ರ ಸೆಪ್ಟೆಂಬರಿನಲ್ಲಿ ತಮಿಳುನಾಡಿನ ವಿಧಾನಸಭೆಯ ಮುಂದೆಯೂ ಇಂಥದೇ ಮಸೂದೆ ಬಂದು, ಆ ರಾಜ್ಯದ ಅಂಗಡಿ ಕಾಯಿದೆಗೂ ಆಸನದ ಪ್ರಕರಣವೊಂದು ಸೇರಿತು.

ಈ ಎರಡು ಕಾಯಿದೆಗಳು ಮಾಲೀಕನಿಂದ ಬೇಡುವ ವೆಚ್ಚ ಅತ್ಯಲ್ಪ. ಗಿರಾಕಿಯ ಮುಂದೆ ನೌಕರನು ಕುಳಿತಿದ್ದರೆ ಅಗೌರವವಾದೀತೆಂಬ ಆಕ್ಷೇಪಕ್ಕೂ ಅವುಗಳ ಮಾತಿನಲ್ಲಿಯೇ ಸಮಾಧಾನವುಂಟು. ಅವು ಹೇಳುವುದು ಅವಕಾಶ ದೊರೆತಾಗ ಎಂದು. ಇಂಗ್ಲೆಂಡಿನ ಹಳೆಯ ಕಾಯಿದೆಯಂತೆ ಇವು ಇಷ್ಟು ಮಂದಿಗೆ ಇಷ್ಟು ಆಸನವೆಂದು ಎಣಿಕೆ ಕಟ್ಟಲಿಲ್ಲ. ತಕ್ಕ ಆಸನವೆಂದಷ್ಟೇ ಹೇಳಿದವು. ಹತ್ತು ಅಡಿ ಅಗಲದ ಅಂಗಡಿಯಲ್ಲಿ ಇಬ್ಬರು ಆಳುಗಳನ್ನಿಟ್ಟುಕೊಂಡಿರುವ ಸಣ್ಣ ವ್ಯಾಪಾರಿಗೆ ಕುರ್ಚಿ ಹಾಕಲು ಸ್ಥಳವಿಲ್ಲದಿರಬಹುದು. ಮೇಜಿನ ಕೆಳಗೆ ತಳ್ಳಿಡಬಹುದಾದ ಒಂದು ಸ್ಟೂಲಿಗೆ ಅಲ್ಲಿಯೂ ಸ್ಥಳ ಸಿಕ್ಕುತ್ತದೆ.