ಎಣ್ಣೆಯಲ್ಲಿ ನೀರು ಉಳಿಯಬಾರದು, ಮಗಾ

ಎಣ್ಣೆ ಕಾಯಿಸುವುದೆಂದರೆ ನೀರನ್ನು ಹೊರಗೆ ಹಾಕುವುದು, ಮಗಾ. ಸೊಪ್ಪು ಯಾವುದು, ಹೂ ಎಷ್ಟು, ಬೇರು ಬೇಕಾ ಬೇಡವಾ ಎಂಬುದೆಲ್ಲ ಆಮೇಲಿನ ಮಾತು. ಮಣಿಪಾಲದ ನಿನ್ನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದೆಲಗ, ತುಳಸಿ, ಕಹಿಬೇವು ಎಲ್ಲ ಹಸಿಹಸಿಯಾಗಿ ಬಾಟ್ಲಿಗೆ ತುರುಕಿ, ತೆಂಗಿನೆಣ್ಣೆ ಹೊಯ್ದು, ಮುಚ್ಚಳ ಬಿಗಿದು ಇಟ್ಟಿದ್ದೀಯಲ್ಲ, ಫೋಟೋ ಚೆಂದ ಉಂಟು. ಆದರೆ ಹಸಿ ಎಲೆಯಲ್ಲಿ ಮುಕ್ಕಾಲು ಪಾಲು ನೀರೇ. ಆ ನೀರು ಎಣ್ಣೆಯ ಅಡಿಗೆ ಇಳಿದು ಕೂತುಕೊಳ್ಳುತ್ತದೆ. ಎಣ್ಣೆಗೆ ಮುಳುಗದೆ ಮೇಲೆ ಉಳಿದ ಎಲೆಗೆ ಬೂಷ್ಟು ಹಿಡಿಯುತ್ತದೆ. ಹದಿನೈದು ದಿನ ಬಿಟ್ಟು ಮೂಸಿ ನೋಡು, ಕಮಟು ವಾಸನೆ ಬಂದರೆ ಚೆಲ್ಲಿಬಿಡು. ಎಣ್ಣೆಯ ರೇಟು ನೆನೆದು ಮುಖಕ್ಕೆ ಹಚ್ಚಲು ಹೋಗಬೇಡ ಮಾರಾಯ್ತಿ.

ಎಣ್ಣೆ ಕಾಯಿಸುವುದಕ್ಕೆ ಶಾರ್ಙ್ಗಧರ ಸಂಹಿತೆಯಲ್ಲಿ ಒಂದು ಲೆಕ್ಕ ಉಂಟು. ಅರೆದ ಕಲ್ಕ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸವೋ ಕಷಾಯವೋ ಹದಿನಾರು ಪಾಲು. ಕುತ್ಪಾಡಿಯ ಆಯುರ್ವೇದ ಕಾಲೇಜಿನಲ್ಲಿ ಓದುವ ಮಕ್ಕಳಿಗೂ ಇದೇ ಪಾಠ. ನಿನ್ನ ಅಡುಗೆಮನೆಯ ಅಳತೆಗೆ ಇಳಿಸಿದರೆ 60 ಗ್ರಾಂ ಕಲ್ಕ, 250 ಮಿಲಿ ಎಣ್ಣೆ, ಒಂದು ಲೀಟರ್ ಕಷಾಯ. ಅದಕ್ಕಿಂತ ಹೆಚ್ಚು ಕಾಯಿಸಬೇಡ. ಇಬ್ಬರಿರುವ ಮನೆಗೆ ಎರಡು ತಿಂಗಳಿಗೆ ಅದೇ ಧಾರಾಳ.

ದಪ್ಪ ತಳದ ಉರುಳಿ ಸಿಕ್ಕಿದರೆ ಒಳ್ಳೆಯದು. ಇಲ್ಲದಿದ್ದರೆ ಸ್ಟೀಲಿನ ಬಾಣಲೆ ಸಾಕು. ಉರಿ ಸಣ್ಣದಿರಲಿ, ಸೌಟು ತಳ ಮುಟ್ಟುತ್ತಿರಲಿ. ಮೊದಮೊದಲು ಕೊತಕೊತ ಸದ್ದು, ದೊಡ್ಡ ದೊಡ್ಡ ಗುಳ್ಳೆ. ಅದು ನೀರಿನ ಗಲಾಟೆ. ಆಮೇಲೆ ಸದ್ದು ಇಳಿಯುತ್ತದೆ, ತಳದ ಕಲ್ಕ ಜಿಗುಟಾಗುತ್ತದೆ. ಆಗ ಮೊಬೈಲು ಬದಿಗಿಟ್ಟು ಒಲೆಯ ಎದುರೇ ನಿಲ್ಲು. ಸೌಟಿನ ತುದಿಯಿಂದ ಚೂರು ಕಲ್ಕ ತೆಗೆದು, ಆರಿದ ಮೇಲೆ ಎರಡು ಬೆರಳ ನಡುವೆ ಹೊಸೆ. ಬತ್ತಿಯ ಹಾಗೆ ಉದ್ದಕ್ಕೆ ಬರಬೇಕು. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಅನ್ನದೆ ಉರಿಯಬೇಕು. ಚಟಪಟ ಅಂದರೆ ನೀರು ಇನ್ನೂ ಉಂಟು ಅಂತ. ಅಷ್ಟು ಹೊತ್ತಿಗೆ ಎಣ್ಣೆಯ ಮೇಲೆ ಸಣ್ಣ ನೊರೆಯೂ ಏಳುತ್ತದೆ. ತುಪ್ಪದ್ದು ಇದಕ್ಕೆ ಉಲ್ಟಾ, ಅದರಲ್ಲಿ ನೊರೆ ಅಡಗಿದರೆ ಹದ. ನೊರೆ ಕಂಡದ್ದೇ ಒಲೆ ಆರಿಸು. ಇನ್ನೆರಡು ನಿಮಿಷ ಇರಲಿ ಅಂತ ಬಿಟ್ಟರೆ ಕಲ್ಕ ಕರಟಿ ಎಣ್ಣೆ ಪೂರಾ ಸುಟ್ಟ ವಾಸನೆ ಹೊಡೆಯುತ್ತದೆ. ಬಿಸಿ ಇಳಿದ ಮೇಲೆ ಒಣಗಿದ ಹತ್ತಿ ಬಟ್ಟೆಯಲ್ಲಿ ಸೋಸು. ಬಾಟ್ಲಿಯನ್ನು ಹಿಂದಿನ ದಿನವೇ ತೊಳೆದು ಬಿಸಿಲಿಗೆ ಇಟ್ಟಿರು.

ಯಾವ ಸೊಪ್ಪು ಅಂತ ಕೇಳಿದ್ದೀಯಲ್ಲ. ಮೈಗೆ ಹಚ್ಚುವುದಕ್ಕೆ ನನ್ನ ಮಟ್ಟಿಗೆ ಕೇಪುಳ ಹೂವಿಗಿಂತ ಮೇಲಿನದ್ದು ಇಲ್ಲ. ಜೊತೆಗೆ ಒಂದು ಹಿಡಿ ಗರಿಕೆ, ಒಂದು ತುಂಡು ಹಸಿ ಅರಸಿನ. ಮೂರೇ ಸಾಕು. ಹದಿನೆಂಟು ಬಗೆ ಹಾಕಿದರೆ ಹದಿನೆಂಟು ಪಾಲು ಗುಣ ಬರುವುದಿಲ್ಲ. ಮೈ ತುರಿಸಿದರೆ ಯಾವುದರಿಂದ ಅಂತ ಗೊತ್ತೂ ಆಗುವುದಿಲ್ಲ.

ಬಿಸಿಲಿಗಿಡುವ ಎಣ್ಣೆ ಇಲ್ಲವೆಂದಲ್ಲ. ದಂತಪಾಲೆ ಎಲೆಯ ಎಣ್ಣೆಗೆ ಒಲೆಯೇ ಬೇಡ. ಎಲೆಯನ್ನು ಕೈಯಲ್ಲೇ ಹರಿದು, ಒಂದು ದಿನ ನೆರಳಲ್ಲಿ ಬಾಡಿಸಿ, ತೆಂಗಿನೆಣ್ಣೆಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಟ್ಟರೆ ಕೆಲವೇ ದಿನಕ್ಕೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮುಚ್ಚಳ ಹಾಕಿದರೆ ಹಬೆ ಹೊರಗೆ ಹೋಗದೆ ಪುನಃ ಎಣ್ಣೆಗೇ ಬೀಳುತ್ತದೆ, ಅದಕ್ಕೇ ಬಟ್ಟೆ. ಆದರೆ ಇದು ಜನವರಿಯಿಂದ ಮಾರ್ಚಿನ ಒಳಗೆ ಆಗುವ ಕೆಲಸ. ಆಟಿ ತಿಂಗಳಲ್ಲಿ ಉಟ್ಟ ಬಟ್ಟೆಯೇ ಒಣಗದ ಊರು ನಮ್ಮದು, ಎಲೆ ಎಲ್ಲಿ ಒಣಗುತ್ತದೆ? ಮಳೆಗಾಲಕ್ಕೆ ಒಲೆಯೇ ಗತಿ.

ಮಲ್ಲಿಗೆಯ ದಾರಿಯೇ ಬೇರೆ. ಕಾಪು ಕಡೆಗೆ ಬಂದಾಗೆಲ್ಲ ನೀನು ಶಂಕರಪುರದ ಮಲ್ಲಿಗೆಗೆ ಮರುಳಾಗುತ್ತೀ. ಉಡುಪಿ ಮಲ್ಲಿಗೆ ಅಂತ ಜಿಐ ಟ್ಯಾಗ್ ಸಿಕ್ಕಿದ ಹೂ ಅದು. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮದುವೆ ಸೀಸನ್ನಿನಲ್ಲಿ ಅದರ ಎಣ್ಣೆಯ ಆಸೆ ಬಿಟ್ಟುಬಿಡು, ರೇಟು ಇಳಿದಾಗ ನೋಡು. ಈ ಹೂವನ್ನು ಬಾಣಲೆಗೆ ಹಾಕಿದೆಯೋ, ಪರಿಮಳ ಹಬೆಯ ಜೊತೆ ಕಿಟಕಿಯಿಂದ ಪಕ್ಕದ ಫ್ಲ್ಯಾಟಿಗೆ ಹೋಗುತ್ತದೆ, ನಿನಗೆ ಉಳಿಯುವುದು ಬೆಂದ ಹೂವಿನ ಎಣ್ಣೆ. ಮಲ್ಲಿಗೆ ಕೊಯ್ದ ಮೇಲೂ ಜೀವ ಹಿಡಿದಿರುತ್ತದೆ. ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆಗೆ ಬಿರಿದು ರಾತ್ರಿಯಿಡೀ ಪರಿಮಳ ಬಿಡುತ್ತದೆ. ಆದ್ದರಿಂದ ಅಗಲವಾದ ತಟ್ಟೆಯಲ್ಲಿ ಎಳ್ಳೆಣ್ಣೆ ತೆಳ್ಳಗೆ ಹರಡಿ, ಸಂಜೆ ಮೊಗ್ಗು ಹಾಸಿ ಮುಚ್ಚಿಡು. ಬೆಳಿಗ್ಗೆ ಬಾಡಿದ ಹೂ ತೆಗೆದು, ಸಂಜೆ ಹೊಸ ಮೊಗ್ಗು ಹಾಕು. ಏಳೆಂಟು ದಿನ ಹೀಗೆ ಮಾಡಿದರೆ ಎಣ್ಣೆಗೆ ಪರಿಮಳ ಹತ್ತುತ್ತದೆ. ಉತ್ತರ ಪ್ರದೇಶದ ಕಡೆ ಎಳ್ಳಿಗೇ ಮಲ್ಲಿಗೆ ಹಾಸಿ, ಪರಿಮಳ ಹೀರಿದ ಎಳ್ಳನ್ನು ಗಾಣಕ್ಕೆ ಹಾಕುತ್ತಾರೆ. ಇಲ್ಲಿಯೂ ನೀರಿನದ್ದೇ ಕಾಟ. ಅಂಗಡಿಯ ಹೂವಿಗೆ ನೀರು ಚಿಮುಕಿಸಿರುತ್ತಾರೆ, ತೋಟದಿಂದಲೇ ಒಣ ಮೊಗ್ಗು ತಾ. ಕಡೆಗೆ ಎಣ್ಣೆಯನ್ನು ಎರಡು ದಿನ ಅಲ್ಲಾಡಿಸದೆ ಇಟ್ಟು ಮೇಲಿನದ್ದು ಮಾತ್ರ ಬಗ್ಗಿಸಿಕೋ. ಅಡಿಯ ಮಡ್ಡಿಯ ಮೇಲೆ ಆಸೆ ಬೇಡ.

ಹಿಮ್ಮಡಿ ಒಡೆದದ್ದಕ್ಕೆ ಈ ತೆಳು ಎಣ್ಣೆಗಳು ನಿಲ್ಲುವುದಿಲ್ಲ. ಅದಕ್ಕೆ ಪುನರ್ಪುಳಿ ಬೀಜದ ತುಪ್ಪ ಬೇಕು. ಕಾರ್ಕಳದ ನಮ್ಮ ತವರಿನಲ್ಲಿ ಬೇಸಿಗೆಗೆ ಸಿಪ್ಪೆಯನ್ನು ಶರಬತ್ತಿಗೆ ಒಣಗಿಸಿದ ಮೇಲೆ ಬೀಜ ರಾಶಿ ಉಳಿಯುತ್ತದೆ. ಕುಟ್ಟಿ ನೀರಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ, ಆರಿದರೆ ಗಟ್ಟಿ. ಒಂದು ಪಾಲು ಈ ತುಪ್ಪಕ್ಕೆ ಮೂರು ಪಾಲು ಕಾಯಿಸಿದ ತೆಂಗಿನೆಣ್ಣೆ ಸೇರಿಸಿ ಕರಗಿಸಿದರೆ ಮುಲಾಮು. ಬೆರಳ ಸಂದಿ ಕೊಳೆತು ಬೆಳ್ಳಗಾದ ಕಡೆಗೆ ಮಾತ್ರ ಇದನ್ನು ಹಚ್ಚಬೇಡ. ಆ ಜಾಗ ಒಣಗಿರಬೇಕು, ಜಿಡ್ಡು ಕೂಡದು.

ಹೊಸ ಎಣ್ಣೆ ಯಾವುದೇ ಇರಲಿ, ಮೊದಲು ಮೊಣಕೈ ಒಳಬದಿಗೆ ಒಂದು ತೊಟ್ಟು ಹಚ್ಚಿ ಎರಡು ದಿನ ಕಾಯಿ. ಕೆಂಪಾದರೆ ಆ ಎಣ್ಣೆ ನಿನಗಲ್ಲ. ನಿನ್ನದು ಮೊಡವೆ ಮುಖ, ತೆಂಗಿನೆಣ್ಣೆ ಹಚ್ಚಿ ಮಲಗಬೇಡ. ನಮ್ಮ ಸೆಕೆಗೆ ಮೊಡವೆ ಹೆಚ್ಚೇ ಆಗುತ್ತದೆ. ಮೈಗೆ ಹಚ್ಚಿ ಅರ್ಧ ಗಂಟೆ ಬಿಟ್ಟು ಕಡಲೆಹಿಟ್ಟಿನಲ್ಲಿ ತಿಕ್ಕಿ ಮಿಂದರೆ ಆಯಿತು. ನಿಂಬೆಯ ಸಿಪ್ಪೆ, ರಸ ಯಾವುದನ್ನೂ ಮುಖಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡ, ಸುಟ್ಟ ಹಾಗೆ ಕಲೆ ಬೀಳುತ್ತದೆ. ಎರಡು ವಾರವಾದರೂ ಇಳಿಯದ ತುರಿಕೆ, ಕೀವು, ಹಬ್ಬುವ ಕಲೆ ಇದ್ದರೆ ಎಣ್ಣೆ ಬದಿಗಿಟ್ಟು ಕೆಎಂಸಿಯ ಚರ್ಮದ ಡಾಕ್ಟರಿಗೆ ತೋರಿಸು, ನಿನ್ನ ಮನೆಯಿಂದ ಎಷ್ಟು ದೂರ ಅದು? ಮತ್ತೆ, ಬೆಳ್ಳಗಾಗುವ ಎಣ್ಣೆ ಹೇಳಿಕೊಡಿ ದೊಡ್ಡಮ್ಮ ಅಂತ ಇನ್ನು ಕೇಳಬೇಡ. ಅಂಥದ್ದು ಇಲ್ಲ, ಇದ್ದರೂ ನಾನು ಹೇಳಿಕೊಡುವವಳಲ್ಲ.

ಲೇಬಲ್ ಅಂಟಿಸಿ ಮಾರುವ ಯೋಚನೆಯೂ ಉಂಟು ಅಂದಿಯಂತೆ, ನಿನ್ನ ಅಮ್ಮ ಹೇಳಿದಳು. ಮನೆಮಂದಿಗೆ ಕೊಡುವುದು ಬೇರೆ, ದುಡ್ಡಿಗೆ ಮಾರುವುದು ಬೇರೆ. ಮಾರುವುದಕ್ಕೆ ಸೌಂದರ್ಯವರ್ಧಕ ತಯಾರಿಸಬೇಕಾದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಅದನ್ನು ಆಮೇಲೆ ನೋಡುವ. ಸದ್ಯಕ್ಕೆ ಬರುವ ಆದಿತ್ಯವಾರ ಗಾಣದ ತೆಂಗಿನೆಣ್ಣೆ ಕಾಲು ಲೀಟರ್ ತೆಗೆದುಕೊಂಡು ಬಾ. ಕೇಪುಳ, ಗರಿಕೆ ಇಲ್ಲೇ ಹಿತ್ತಿಲಲ್ಲಿ ಉಂಟು. ಬೇಗ ಬಾ, ಕಷಾಯ ಬತ್ತುವುದಕ್ಕೇ ಮಧ್ಯಾಹ್ನ ಕಳೆಯುತ್ತದೆ.