ಊರಿನ ನೆಲ

ಮನೆಯಂಗಳದಲ್ಲಿ ಯಾರಾದರೂ ಕಸ ಸುರಿದರೆ ಮನೆಯವರು ಸುಮ್ಮನಿರರು. ಊರಿಗೆಲ್ಲ ಸೇರಿದ ನೆಲಕ್ಕೆ ಮಾತ್ರ ಕೇಳುವವರಿಲ್ಲವೆಂದು ಕೆಲವರು ಭಾವಿಸುತ್ತಾರೆ. ಈ ಭಾವನೆಯ ಕಹಿಫಲವನ್ನು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ದೇಶದ ಅಬಿಜಾನ್ ನಗರವು ಉಣ್ಣಬೇಕಾಯಿತು.

2006ರ ಜುಲೈ ತಿಂಗಳಲ್ಲಿ 'ಪ್ರೊಬೊ ಕೋಲಾ' ಎಂಬ ಹಡಗು ಗಂಧಕ ಬೆರೆತ ವಿಷತ್ಯಾಜ್ಯವನ್ನು ಹೊತ್ತು ಆಮ್‌ಸ್ಟರ್‌ಡ್ಯಾಮ್ ಬಂದರಿನಲ್ಲಿ ನಿಂತಿತ್ತು. ಅಲ್ಲಿ ಅದರ ಸಂಸ್ಕರಣೆಗೆ ಘನಮೀಟರಿಗೆ ಸುಮಾರು 1000 ಯೂರೊ ಕೇಳಿದರು. ಅಷ್ಟನ್ನು ತೆರಲೊಪ್ಪದೆ ಹಡಗು ಮುಂದೆ ಸಾಗಿತು. ಅಬಿಜಾನಿನ ಸಂಸ್ಥೆಯೊಂದು ಸುಮಾರು 35 ಡಾಲರಿಗೇ ಒಪ್ಪಿತು. ಆಗಸ್ಟ್ 19ರ ರಾತ್ರಿಯಿಂದ ಅದರ ಲಾರಿಗಳು 500 ಘನಮೀಟರಿಗೂ ಮಿಕ್ಕ ವಿಷವನ್ನು ಅಕುಯೆದೊ ಎಂಬಲ್ಲಿದ್ದ ನಗರದ ಕಸದ ತಿಪ್ಪೆಯಲ್ಲಿಯೂ ಇತರ ಬಯಲುಗಳಲ್ಲಿಯೂ ಸುರಿದುವು. ಲಕ್ಷಕ್ಕೂ ಹೆಚ್ಚು ಜನ ವೈದ್ಯರನ್ನು ಅರಸಿ ಬಂದರು. ಹತ್ತಕ್ಕೂ ಹೆಚ್ಚು ಮಂದಿ ಮೃತರಾದರೆಂದು ಸರ್ಕಾರವೇ ಸಾರಿತು.

ಸುರಿಯುವ ಕೆಲಸ ಬೇಗನೆ ಮುಗಿಯಿತು. ತೆಗೆಯುವ ಕೆಲಸ ವರ್ಷಗಟ್ಟಲೆ ನಡೆಯಿತು. ವಿಷವು ಮಣ್ಣಿನೊಡನೆ ಬೆರೆತಿದ್ದುದರಿಂದ ಅದು ತಾಗಿದ ಮಣ್ಣನ್ನೆಲ್ಲ ಅಗೆಯಬೇಕಾಯಿತು. ಸಾವಿರಾರು ಟನ್ ಮಣ್ಣನ್ನು ಫ್ರಾನ್ಸಿಗೆ ಸಾಗಿಸಿ ಸುಟ್ಟರು. ಆ ಜಾಗಗಳಲ್ಲಿ ಅಪಾಯದ ಮಿತಿ ಮೀರಿದ ಮಾಲಿನ್ಯ ಉಳಿದಿಲ್ಲವೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ತಿಳಿಸಿದುದು 2018ರಲ್ಲಿ.

ಕಸವನ್ನು ಎಸೆದವನು ಉಳಿಸಿದ ಹಣವನ್ನು ನೆರೆಯವನು ತನ್ನ ಆರೋಗ್ಯದಿಂದ ತೆರುತ್ತಾನೆ. ಊರಿನ ನೆಲ ಯಾರದೂ ಅಲ್ಲದ ನೆಲವಲ್ಲ. ಅದು ಪ್ರತಿಯೊಬ್ಬರ ಅಂಗಳ.