ಗದ್ದೆ ಮೀನಿನ ಹೊಂಡವಾದರೆ ಪಹಣಿ ಏನಾಗುತ್ತದೆ?

ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಏರಿ ಶೆಟ್ಟಿಹಳ್ಳಿಯ ಹಳೇ ಚರ್ಚು ಅರ್ಧ ಮುಳುಗಿದಾಗ ಫೋಟೋ ತೆಗೆಯಲು ಬರುವವರಿಗೆ ಲೆಕ್ಕವಿಲ್ಲ. ಆ ನೀರಿನಡಿಯ ಹೊಲಗಳು ಈಗ ಯಾರವು ಎಂದು ಕೇಳುವವರು ಕಡಿಮೆ. ಗೊರೂರು ಅಣೆಕಟ್ಟಿಗೆ ಸ್ವಾಧೀನವಾದ ನೆಲ ಅದು. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿ ಒಂದು ಬೆಳೆ ತೆಗೆದರೂ, ಗುಂಡಿ ತೋಡಿ ಮೀನು ಬಿಟ್ಟರೂ ಹಕ್ಕು ಹುಟ್ಟುವುದಿಲ್ಲ. ಜಲಾಶಯದಲ್ಲಿ ಬಲೆ ಬೀಸಲು ಮೀನುಗಾರಿಕೆ ಇಲಾಖೆ ಕೊಡುವ ಪರವಾನಗಿ ಮೀನಿಗಷ್ಟೇ, ನೆಲಕ್ಕಲ್ಲ.

ಸ್ವಂತ ಜಮೀನಿನಲ್ಲಿ ಹೊಂಡ ತೋಡಿ ಕಾಟ್ಲಾ, ರೋಹು ಬಿಟ್ಟವರ ವಿಚಾರ ಬೇರೆ. ಅವರ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದಕ್ಕೆ ಅಲಿನೇಷನ್, ಅಂದರೆ ಭೂಪರಿವರ್ತನೆ, ಮಾಡಿಸಬೇಕಾ?

ಬೇಕಿಲ್ಲ ಎಂದು ವಾದಿಸಲು ಗಟ್ಟಿ ಆಧಾರವಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆ, 1961ರಲ್ಲಿ ‘ಕೃಷಿ’ಗೆ ಕೊಟ್ಟಿರುವ ವ್ಯಾಖ್ಯಾನದೊಳಗೆ ತೋಟಗಾರಿಕೆ, ಹೈನುಗಾರಿಕೆ, ಕೋಳಿ ಸಾಕಣೆಯ ಜೊತೆಗೆ ಜಲಕೃಷಿಯೂ ಸೇರಿದೆ. ಭೂಕಂದಾಯ ಕಾಯ್ದೆ, 1964ರ 95ನೇ ಕಲಂ, ಉತ್ತಮ ಸಾಗುವಳಿಗಾಗಿ ಬಾವಿ, ಕೆರೆಕಟ್ಟೆ ಕಟ್ಟಿಕೊಳ್ಳಲು ಹಿಡುವಳಿದಾರನಿಗೆ ಅವಕಾಶ ಕೊಡುತ್ತದೆ. ಆದರೆ ಅದೇ ಹೊಂಡದ ದಡದಲ್ಲಿ ಹೋಟೆಲ್ ಕಟ್ಟಿದರೆ ಅದು ಕೃಷಿಯೇತರ ಬಳಕೆ; ಭೂಪರಿವರ್ತನೆ ಬೇಕೇ ಬೇಕು. ತೋಡಿದ ಮಣ್ಣನ್ನು ಬದುವಿಗೆ ಹಾಕಿಕೊಂಡರೆ ಸರಿ. ಟ್ರ್ಯಾಕ್ಟರ್ ಲೆಕ್ಕದಲ್ಲಿ ಮಾರಲು ಹೊರಟರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನು ಮೊದಲು ಕೇಳಿ.

ನನ್ನ ಮಟ್ಟಿಗೆ ಹೊಂಡಕ್ಕಿಂತ ದೊಡ್ಡ ತೊಡಕು ಖರಾಬು. ಮೂರು ಎಕರೆಯ ಸರ್ವೆ ನಂಬರಿನಲ್ಲಿ ಹತ್ತು ಗುಂಟೆ ಖರಾಬು ಇದೆ ಎನ್ನಿ. ತಗ್ಗು ಜಾಗ, ನೀರು ನಿಲ್ಲುತ್ತದೆ ಎಂದು ರೈತ ಅಲ್ಲೇ ಜೆಸಿಬಿ ಇಳಿಸುತ್ತಾನೆ. ಅದು ‘ಎ’ ಖರಾಬಾದರೆ, ಅಂದರೆ ಸಾಗುವಳಿಗೆ ಬಾರದ್ದೆಂದು ಅಳತೆಯಲ್ಲಿ ಬಿಟ್ಟ ಜಾಗವಾದರೆ, ಅಷ್ಟು ಚಿಂತೆಯಿಲ್ಲ. ‘ಬಿ’ ಖರಾಬಾದರೆ ಅದು ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಬಳಕೆಯ ನೆಲ. ಸುತ್ತಲಿನ ಜಮೀನು ನಿಮ್ಮದಾದರೂ ಅದನ್ನು ಮಾರುವ ಹಕ್ಕು ನಿಮಗಿಲ್ಲ. ಕೊಂಡವರಿಗೆ ದಕ್ಕುವುದೂ ಇಲ್ಲ. ಹಾಗಾಗಿ ಗುದ್ದಲಿ ಹಾಕುವ ಮುನ್ನ ಆಕಾರ್‌ಬಂದ್ ಮತ್ತು ಟಿಪ್ಪಣಿಯ ನಕಲು ತೆಗೆಸಿ. ಗಡಿ ಅನುಮಾನವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ.

ಹಾಸನ ಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ಹೇಮಾವತಿ ಮುಳುಗಡೆ ಸಂತ್ರಸ್ತರಿಗೆ ಮಂಜೂರಾದ, ಜನ ‘ಎಚ್‌ಆರ್‌ಪಿ ಜಮೀನು’ ಎನ್ನುವ ಭೂಮಿಯಲ್ಲಿ ನಕಲಿ ಮಂಜೂರಾತಿಯ ದೂರುಗಳು ತನಿಖೆಯವರೆಗೂ ಹೋಗಿವೆ. ಅಂಥ ಜಮೀನು ಕೊಳ್ಳುವವರು ಪಹಣಿ ನೋಡಿ ಸುಮ್ಮನಾಗದೆ ಮೂಲ ಮಂಜೂರಾತಿ ಕಡತ, ಷರತ್ತುಗಳನ್ನು ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕ್ರಯ ನಿಲ್ಲುವುದಿಲ್ಲ.

ನೋಂದಣಿಗೆ ಬರೋಣ. ಕ್ರಯಪತ್ರದ ಷೆಡ್ಯೂಲಿನಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿಯ ಜೊತೆಗೆ ‘ಇದರಲ್ಲಿ ಇಷ್ಟು ಗುಂಟೆಯ ಮೀನಿನ ಹೊಂಡವಿದೆ’ ಎಂದು ಸ್ಪಷ್ಟವಾಗಿ ಬರೆಸಿ. ತೂಬು, ಪಂಪ್‌ಸೆಟ್, ನೀರು ಬರುವ ಕಾಲುವೆಯ ಹಕ್ಕನ್ನೂ ಬಿಡಬೇಡಿ. ಹೊಂಡ ಸಿಕ್ಕಿ ನೀರು ಸಿಗದಿದ್ದರೆ ಏನು ಪ್ರಯೋಜನ? ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆ ಬೇಕು.

ನೋಂದಣಿಯಾದ ಮೇಲೆ ಖಾತೆ ಬದಲಾವಣೆ ಭೂಮಿ ಕೇಂದ್ರದ ಮೂಲಕ ನಡೆಯುತ್ತದೆ. ಮ್ಯುಟೇಷನ್ ಆದೇಶ ತಪ್ಪಾಗಿದ್ದರೆ ಭೂಕಂದಾಯ ಕಾಯ್ದೆಯ 136(2)ನೇ ಕಲಂ ಪ್ರಕಾರ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಜಮೀನು ಯಾರದು ಎಂಬುದೇ ತಕರಾರಾದರೆ ಅದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ.

ಭೂಮಿಯ ಕಾನೂನಿಗೆ ಕೃಷಿಯಾದದ್ದು ಆದಾಯ ತೆರಿಗೆಯವರಿಗೂ ಕೃಷಿಯೇ ಆಗಬೇಕೆಂದಿಲ್ಲ. ಮೀನು ಮಾರಿ ಬಂದ ಹಣವನ್ನು ಅವರು ಸಾಮಾನ್ಯವಾಗಿ ವ್ಯಾಪಾರದ ಆದಾಯವೆಂದೇ ನೋಡುತ್ತಾರೆ. ಮರಿ, ಮೇವು, ಕೂಲಿಯ ರಸೀದಿಗಳನ್ನು ರಾಗಿ, ಆಲೂಗಡ್ಡೆಯ ಲೆಕ್ಕದೊಳಗೆ ಬೆರೆಸದೆ ಬೇರೆ ಇಟ್ಟುಕೊಳ್ಳಿ.